ಮನೆಯಲ್ಲೇ ಶಾಲೆ: ಏಳು ಮಕ್ಕಳು, ಹದಿಮೂರರ ಟೀಚರ್

ವಿಜಯಪುರದ ತಿಕೋಟಾ ಕಡೆಯ ತೋಟದ ವಸ್ತಿಯಿಂದ ಒಂದು ಮನೆಯವರು ನನ್ನ ಹತ್ತಿರ ಸಲಹೆ ಕೇಳಲು ಬಂದಿದ್ದರು. ಗುರುತು ಸಿಗದಂತೆ ಕೆಲವು ವಿವರ ಬದಲಿಸಿದ್ದೇನೆ. ಅಣ್ಣ ತಮ್ಮ ಕೂಡಿಯೇ ಇರುವ ಮನೆ, ದ್ರಾಕ್ಷಿ ತೋಟ, ಇಬ್ಬರ ಮಕ್ಕಳೂ ಸೇರಿ ಏಳು. ದೊಡ್ಡವಳಿಗೆ ಹದಿಮೂರು, ಚಿಕ್ಕವನಿಗೆ ನಾಲ್ಕು. 2020ರಲ್ಲಿ ಕೊರೊನಾದಿಂದ ಶಾಲೆ ಮುಚ್ಚಿದಾಗ ದೊಡ್ಡ ಸೊಸೆ ಮನೆಯಲ್ಲೇ ಪಾಠ ಶುರು ಮಾಡಿದ್ದರು. ಡಿ.ಎಡ್ ಓದಿದವರು. ಶಾಲೆ ದೂರ, ಮಳೆ ಬಂದರೆ ದಾರಿ ಕೆಸರು. ಹಾಗಾಗಿ ಶಾಲೆ ತೆರೆದ ಮೇಲೂ ಮನೆಪಾಠವೇ ಮುಂದುವರಿಯಿತು.

ಕರೆತಂದದ್ದು ದೊಡ್ಡ ಮಗಳನ್ನು. "ಮೊದಲಿನಂಗ ಇಲ್ರಿ ಮೇಡಂ. ಮಾತಾಡ್ಸಿದ್ರ ಸಿಡಕ್ತಾಳ, ರಾತ್ರಿ ಅಳ್ತಾಳ. ಮೊಬೈಲ್ ಚಟ ಹತ್ತೇತೋ ಏನೋ" ಎಂದರು ತಾಯಿ.

ಹುಡುಗಿ ತನ್ನ ಗಣಿತದ ನೋಟ್‌ಬುಕ್ ತಂದಿದ್ದಳು. ಮೊದಲ ಹಾಳೆಗಳಲ್ಲಿ ಭಿನ್ನರಾಶಿ, ನೀಟಾದ ಅಕ್ಷರ. ಆಮೇಲೆ ಅವಳ ಲೆಕ್ಕವೇ ಇಲ್ಲ. ಪುಟ ತುಂಬ ಸೊಟ್ಟ ಅಕ್ಷರದ ಕಾಗುಣಿತ, ಎರಡರ ಮಗ್ಗಿ, ಪಕ್ಕದಲ್ಲಿ ಕೆಂಪು ಪೆನ್ನಿನ ರೈಟು. ತಮ್ಮಂದಿರಿಗೆ ಬರೆಸಿ, ತಿದ್ದಿದವಳು ಇವಳೇ.

"ನಿಂದ್ಯಾವಾಗ ಓದೂದು ತಂಗಿ?"

"ಆಮ್ಯಾಲ ಓದ್ಕೊಂಡ್ರಾತು ಅಂತ ಇಡ್ತೀನ್ರಿ. ಅಷ್ಟೊತ್ತಿಗೆ ಕೂಸು ಏಳತೈತಿ."

ಮೊಬೈಲ್ ಮಾತು ಅಲ್ಲಿಗೇ ಬಿಟ್ಟೆ. ತಾಯಿಯ ದಿನವನ್ನೂ ಕೇಳಿದೆ. ಹಾಲು ಹಿಂಡುವುದು, ರೊಟ್ಟಿ, ಆಳುಗಳಿಗೆ ಬುತ್ತಿ. ನೆಗೆಣ್ಣಿ ತೋಟಕ್ಕೆ ಹೋಗುತ್ತಾರೆ. ಪಾಠಕ್ಕೆ ಕೂತ ಅರ್ಧ ತಾಸಿಗೆ ಯಾರೋ ಕೂಗುತ್ತಾರೆ, "ನೀ ಸ್ವಲ್ಪ ನೋಡವಾ" ಎಂದು ಮಗಳಿಗೆ ಒಪ್ಪಿಸಿ ಏಳುತ್ತಾರೆ. ಆ ಸ್ವಲ್ಪವೇ ಇಡೀ ದಿನವಾಗಿತ್ತು. ಇದರಲ್ಲಿ ಕೆಟ್ಟತನ ಯಾರದೂ ಇಲ್ಲ. ಆದರೆ ಗಂಡು ಹುಡುಗ ದೊಡ್ಡವನಾಗಿದ್ದರೆ ಹೀಗೆ ಕೂರಿಸುತ್ತಿದ್ದರಾ? ಕೇಳಿಯೇಬಿಟ್ಟೆ. ತಾಯಿ ಸುಮ್ಮನಾದರು.

ಮುಂದಿನ ಸಲ ಗಂಡ, ಮೈದುನ ಇಬ್ಬರನ್ನೂ ಕರೆಸಿದೆ. ಬೆಳಿಗ್ಗೆ ಒಂಬತ್ತರಿಂದ ಹನ್ನೊಂದು ದೊಡ್ಡವಳದು. ಕೂಸು ಅತ್ತರೂ ಅವಳನ್ನು ಕರೆಯಬಾರದು ಎಂದೆ. ಸಂಜೆ ತಮ್ಮಂದಿರಿಗೆ ಕಥೆ ಓದಿ ಹೇಳುವುದು ಅವಳಿಗೆ ಇಷ್ಟವಂತೆ. ಅಷ್ಟು ಇರಲಿ, ತಿದ್ದುವ ಕೆಲಸ ಬೇಡ.

ಉಳಿದ ಆರು ಮಕ್ಕಳಿಗೆ ಆರು ಪಾಠ ಮಾಡುತ್ತಾ ಕೂತರೆ ಯಾರಿಂದಲೂ ಆಗುವುದಿಲ್ಲ. ನಮ್ಮ ಸರ್ಕಾರಿ ಶಾಲೆಗಳ ನಲಿ-ಕಲಿಯಲ್ಲಿ ಒಂದರಿಂದ ಮೂರನೇ ತರಗತಿವರೆಗಿನ ಮಕ್ಕಳು ಒಟ್ಟಿಗೇ ಕೂತು, ತಮ್ಮ ತಮ್ಮ ಮಟ್ಟದಲ್ಲಿ ಕಲಿಯುತ್ತಾರೆ. ಡಿ.ಎಡ್ ಆದವರಿಗೆ ಇದು ಹೊಸದಲ್ಲ. ಓದಲು ಬರುವವರದು ಒಂದು ಗುಂಪು, ಬಾರದವರದು ಇನ್ನೊಂದು. ವಿಷಯ ಎಲ್ಲರಿಗೂ ಒಂದೇ ಇರಲಿ. ಅವರ ಒಣದ್ರಾಕ್ಷಿ ಶೆಡ್ಡನ್ನೇ ತೆಗೆದುಕೊಳ್ಳಿ: ಸುಮಾರು ನಾಲ್ಕು ಕಿಲೋ ಹಸಿ ದ್ರಾಕ್ಷಿ ಒಣಗಿದರೆ ಒಂದು ಕಿಲೋ ಆಗುತ್ತದೆ. ಚಿಕ್ಕವರು ತೂಗಲಿ, ನಡುವಿನವರು ಭಾಗಾಕಾರ ಮಾಡಲಿ, ದೊಡ್ಡವಳು ಶೇಕಡಾ ಮಾಡಲಿ. ಶೆಡ್ಡಿನ ಲೆಕ್ಕ ಬರೆಯುವುದು ಮೈದುನ. ಹಾಗಾದರೆ ಗಣಿತ ಅವರದೇ ಅಲ್ವಾ? ನಕ್ಕರು, ಒಪ್ಪಿದರು.

ಕಾನೂನಿನ ಮಾತನ್ನೂ ಮುಚ್ಚಿಡಲಿಲ್ಲ. 2009ರ ಶಿಕ್ಷಣ ಹಕ್ಕು ಕಾಯ್ದೆ 6ರಿಂದ 14 ವರ್ಷದ ಮಕ್ಕಳಿಗೆ ಅನ್ವಯ. ಮಗುವನ್ನು ಹತ್ತಿರದ ಶಾಲೆಗೆ ಸೇರಿಸುವುದು ಹೆತ್ತವರ ಕರ್ತವ್ಯ ಎನ್ನುತ್ತದೆ 10ನೇ ಕಲಂ. ಸೇರಿಸದಿದ್ದರೆ ಹೆತ್ತವರಿಗೆ ದಂಡ ಅಂತ ಅದರಲ್ಲಿಲ್ಲ. ಹಾಗಂತ ಶಾಲೆಯವರು ಮನೆಗೆ ಬಂದು ವಿಚಾರಿಸಿದರೆ ಜಗಳ ಆಡಬೇಡಿ, ಮಕ್ಕಳ ನೋಟ್‌ಬುಕ್ ತೋರಿಸಿ. ನಡುವೆ ಶಾಲೆಗೆ ಕಳಿಸಬೇಕು ಅನಿಸಿದರೂ ದಾರಿ ಇದೆ: 4ನೇ ಕಲಂ ಪ್ರಕಾರ ವಯಸ್ಸಿಗೆ ತಕ್ಕ ತರಗತಿಗೇ ಸೇರಿಸಿಕೊಳ್ಳಬೇಕು, ಹಿಂದೆ ಬಿದ್ದದ್ದಕ್ಕೆ ವಿಶೇಷ ತರಬೇತಿ ಕೊಡಬೇಕು.

ದೊಡ್ಡವಳ ಹತ್ತನೇ ಕ್ಲಾಸಿಗೆ ರಾಷ್ಟ್ರೀಯ ಮುಕ್ತ ಶಾಲಾ ಶಿಕ್ಷಣ ಸಂಸ್ಥೆ, ಅಂದರೆ ಎನ್‌ಐಒಎಸ್ ಇದೆ. ಹದಿನಾಲ್ಕು ತುಂಬಿದರೆ ಹೆಸರು ಹಚ್ಚಬಹುದು. ಪರೀಕ್ಷೆ ಬರೆಯಲು ಐದು ವರ್ಷದಲ್ಲಿ ಒಂಬತ್ತು ಅವಕಾಶ ಸಿಗುತ್ತದೆ. ಮಾಧ್ಯಮ, ಪರೀಕ್ಷಾ ಕೇಂದ್ರ ಮೊದಲೇ ವಿಚಾರಿಸಿಕೊಳ್ಳಿ ಎಂದೆ. ಆದರೆ ಶಾಲೆಗೆ ಹೋಗುವುದಾ, ಮನೆಯಲ್ಲೇ ಇರುವುದಾ ಅಂತ ಅವಳನ್ನು ಅಲ್ಲಿಯವರೆಗೆ ಯಾರೂ ಕೇಳಿರಲಿಲ್ಲ. ಕೇಳಿದಾಗ, "ಮನ್ಯಾಗ ಇರ್ತೀನ್ರಿ, ಖರೆ ನಂಗೊಂದು ಖೋಲಿ ಬೇಕು" ಎಂದಳು.

ಉಗ್ರಾಣದ ಖೋಲಿಯಲ್ಲಿ ಮೇಜು ಹಾಕಿಕೊಟ್ಟಿದ್ದಾರೆ. ನೆಗೆಣ್ಣಿ ತಮ್ಮ ಇಬ್ಬರು ಗಂಡುಮಕ್ಕಳನ್ನು ಜೂನ್‌ನಲ್ಲಿ ಶಾಲೆಗೆ ಸೇರಿಸಿದರು. ತಾಯಿಗೆ ಬೇಜಾರಾಯಿತು, ಆದರೆ ಉಸಿರಾಡಲು ಬಿಡುವೂ ಸಿಕ್ಕಿತು. ಕಾಕಾನ ಗಣಿತ ಅಕ್ಟೋಬರ್ ಚಾಟ್ನಿ, ಅಂದರೆ ದ್ರಾಕ್ಷಿ ಬಳ್ಳಿ ಕತ್ತರಿಸುವ ಕೆಲಸ, ಶುರುವಾದ ಮೇಲೆ ನಿಂತಿತ್ತು, ಈಗ ವಾರಕ್ಕೆರಡು ರಾತ್ರಿ ನಡೆಯುತ್ತಿದೆ. ಹುಡುಗಿಯ ರಾತ್ರಿ ಅಳು ನಿಂತಿದೆ, ಸಿಡುಕು ಇನ್ನೂ ಇದೆ. ಹದಿಮೂರಕ್ಕೆ ಅಷ್ಟು ಇದ್ದೇ ಇರುತ್ತದೆ, ಬಿಡಿ.

ಒಪ್ಪದೆ ಉಳಿದವರು ಅಜ್ಜಿ. "ಹೆಣ್ ಹುಡುಗಿ, ಕೂಸು ನೋಡ್ಕೊಂಡ್ರ ಏನಾತು?" ಎನ್ನುತ್ತಾರಂತೆ. ಮುಂದಿನ ಭೇಟಿಗೆ ಅವರನ್ನೂ ಕರೆದುಕೊಂಡು ಬನ್ನಿ ಎಂದಿದ್ದೇನೆ.