ಪ್ರತಿಫಲವಿಲ್ಲದ, ಅಂದರೆ ಬದಲಿಗೆ ಏನನ್ನೂ ಪಡೆಯದೆ ಬರೆದುಕೊಟ್ಟ, ಪ್ರಾಮಿಸರಿ ನೋಟು (ಹಣ ಕೊಡುವೆನೆಂಬ ವಾಗ್ದಾನ ಪತ್ರ) ಕೈ ಬದಲಾದರೆ ಹಣ ಕೇಳಬಹುದೇ?

ಬೆಲೆ ಕೊಟ್ಟು ಪಡೆದಿದ್ದರೆ ಖಂಡಿತ ಕೇಳಬಹುದು. ಭಾರತದ 1881ರ ನೆಗೋಷಿಯಬಲ್ ಇನ್‌ಸ್ಟ್ರುಮೆಂಟ್ಸ್ ಕಾಯ್ದೆಯ 43ನೇ ಕಲಮಿನಂತೆ, ಪ್ರತಿಫಲವಿಲ್ಲದೆ ಬರೆದುಕೊಟ್ಟ ನೋಟು ಅಥವಾ ಚೆಕ್ಕು ಬರೆದುಕೊಟ್ಟವನ ಮತ್ತು ಪಡೆದವನ ನಡುವೆ ಯಾವ ಹೊಣೆಯನ್ನೂ ಹುಟ್ಟಿಸುವುದಿಲ್ಲ. ಆದರೆ ಹಣ ಕೊಟ್ಟು ಅದನ್ನು ಹಿಂಬರಹದ (ವರ್ಗಾಯಿಸಲು ಪತ್ರದ ಹಿಂಬದಿಯಲ್ಲಿ ಹಾಕುವ ಸಹಿಯ) ಮೂಲಕ ಪಡೆದ ಮೂರನೆಯವರು ಬರೆದುಕೊಟ್ಟವನಿಂದಲೇ ವಸೂಲು ಮಾಡಬಹುದು. ‘ನನಗೆ ಹಣವೇ ಬಂದಿಲ್ಲ’ ಎಂಬ ಅವನ ಬರಿಯ ಮಾತು ಸಾಲದು. 118ನೇ ಕಲಮು ಪ್ರತಿಫಲ ಸಂದಿದೆಯೆಂದೇ ಭಾವಿಸುತ್ತದೆ. ಅದನ್ನು ಅಲ್ಲಗಳೆಯುವ ಭಾರ ಸಾಮಾನ್ಯವಾಗಿ ಅವನದು.

ಹಿಂಬರಹದಲ್ಲಿ ದಯವಿಟ್ಟು ಎಚ್ಚರವಿರಲಿ. ಹಿಂಬದಿಯಲ್ಲಿ ಬರಿಯ ಸಹಿಯಿದ್ದರೆ ಅದು ಕೈಯಲ್ಲಿ ಹಿಡಿದವರಿಗೆ ಸಲ್ಲುವ ಪತ್ರವಾಗಿಬಿಡುತ್ತದೆ, ಕಳೆದುಹೋದರೆ ಕಷ್ಟ. ‘ಇಂಥವರಿಗೆ ಪಾವತಿಸಿ’ ಎಂದು ನಿಮ್ಮ ಹೆಸರು ಬರೆಸಿ, ಅದರ ಕೆಳಗೆ ವರ್ಗಾಯಿಸುವವರ ಸಹಿ ಹಾಕಿಸಿಕೊಳ್ಳಿ.