ಕ್ಷಮೆ ಸಿಕ್ಕಿದೆ, ಮಜೂರಿ ಬಾಕಿ ಇದೆ

ಬಾಗಲಕೋಟೆ ಜಿಲ್ಲೆಯ ಗುಳೇದಗುಡ್ಡದಿಂದ ಓದುಗರೊಬ್ಬರು ದೀರ್ಘವಾದ ಪತ್ರ ಬರೆದಿದ್ದಾರೆ. ಹೆಸರು ಹಾಕಬೇಡಿ ಎಂದು ಕೇಳಿಕೊಂಡಿದ್ದಾರೆ, ಹಾಕುವುದಿಲ್ಲ. ರವಿಕೆಯ ಖಣ ನೇಯಿಸುವ ಮಾಲೀಕರೊಬ್ಬರ ಬಳಿ ಅವರು ಬಹಳ ವರ್ಷ ಲೆಕ್ಕ ಬರೆದವರು. ನೇಕಾರರಿಗೆ ನೂಲು ಕೊಡುವುದು, ನೇಯ್ದು ತಂದ ಖಣವನ್ನು ಪರೀಕ್ಷಿಸಿ ಮಜೂರಿ ಎಣಿಸುವುದು ಅವರ ಕೆಲಸವಾಗಿತ್ತು. ಬಟ್ಟೆಯಲ್ಲಿ ದೋಷವಿದೆ ಎಂದು ಹೇಳಿ ಮಜೂರಿಯಲ್ಲಿ ಹತ್ತೋ ಇಪ್ಪತ್ತೋ ರೂಪಾಯಿ ಮುರಿದುಕೊಳ್ಳುತ್ತಿದ್ದರು. ಹೆಚ್ಚಿನ ಸಲ ದೋಷವೇ ಇರುತ್ತಿರಲಿಲ್ಲ; ಮುರಿದ ಹಣ ಮಾಲೀಕರ ಪೆಟ್ಟಿಗೆಗೂ ಹೋಗುತ್ತಿರಲಿಲ್ಲ. ಈಗ ಕೆಲಸ ಬಿಟ್ಟಿದ್ದಾರೆ. "ಪ್ರತಿ ರಾತ್ರಿ ಇದೇ ಪಾಪವನ್ನು ದೇವರ ಮುಂದೆ ಅರಿಕೆ ಮಾಡುತ್ತೇನೆ. ಬೆಳಿಗ್ಗೆ ಎದ್ದರೆ ಅದು ಅಲ್ಲಿಯೇ ಕುಳಿತಿರುತ್ತದೆ. ದೇವರು ನನ್ನನ್ನು ಕ್ಷಮಿಸಿದ್ದಾನೆಯೇ? ಕ್ಷಮಿಸಿದ್ದರೆ ಸಮಾಧಾನ ಏಕಿಲ್ಲ? ಹೆಂಡತಿಗೆ ಕಾಯಿಲೆ ಬಂದದ್ದು ಇದರ ಶಿಕ್ಷೆಯೇ?" ಎಂದು ಕೇಳಿದ್ದಾರೆ. ಪ್ರಾರ್ಥನಾ ಕೂಟದ ಹಿರಿಯರೊಬ್ಬರು ಇವರಿಗೆ, ಸಂಶಯಪಡುವುದೇ ಅಪನಂಬಿಕೆ, 'ನನಗೆ ಕ್ಷಮೆ ಸಿಕ್ಕಿದೆ' ಎಂದು ದಿನವೂ ಗಟ್ಟಿಯಾಗಿ ಹೇಳಿಕೊಳ್ಳಿ ಎಂದರಂತೆ.

ಪ್ರಿಯ ಸಹೋದರರೇ,

ಮೊದಲನೆಯ ಪ್ರಶ್ನೆಗೆ ಮೊದಲೇ ಉತ್ತರಿಸುತ್ತೇನೆ, ನಿಮ್ಮನ್ನು ಕಾಯಿಸುವುದು ನ್ಯಾಯವಲ್ಲ. ಹೌದು, ಕ್ಷಮಿಸಿದ್ದಾನೆ. ಯೋಹಾನನ ಮೊದಲನೆಯ ಪತ್ರಿಕೆಯ ಮೊದಲನೆಯ ಅಧ್ಯಾಯದಲ್ಲಿ ಈ ಮಾತು ಎಷ್ಟು ಸ್ಪಷ್ಟವಾಗಿದೆ ನೋಡಿ. ನಾವು ಪಾಪವನ್ನು ಅರಿಕೆ ಮಾಡಿದರೆ ದೇವರು ಕ್ಷಮಿಸುವುದು ನಮ್ಮ ಕಣ್ಣೀರಿನ ಪ್ರಮಾಣ ನೋಡಿ ಅಲ್ಲ. ಆತನು ನಂಬಿಗಸ್ತನೂ ನೀತಿವಂತನೂ ಆಗಿರುವುದರಿಂದ ಕ್ಷಮಿಸುತ್ತಾನೆ ಎಂದು ಅಪೊಸ್ತಲನು ಬರೆಯುತ್ತಾನೆ. ಕಾರಣ ಇರುವುದು ಆತನ ಕಡೆ. ನೀವು ನಿಜವಾದ ಮನಸ್ಸಿನಿಂದ ಅರಿಕೆ ಮಾಡಿದ ಮೊದಲ ರಾತ್ರಿಯೇ ಆ ಕೆಲಸ ಮುಗಿದಿದೆ. ಆಮೇಲೆ ನೀವು ಮಾಡುತ್ತಿರುವುದು, ಮಂಜೂರಾದ ಅರ್ಜಿಯನ್ನೇ ಹಿಡಿದುಕೊಂಡು ದಿನವೂ ತಹಶೀಲ್ದಾರ್ ಕಚೇರಿಯ ಸಾಲಿನಲ್ಲಿ ನಿಲ್ಲುವವರ ಕೆಲಸ.

ಹಾಗಾದರೆ ರಾತ್ರಿಯ ಪ್ರಾರ್ಥನೆ ಬಿಡಬೇಕೇ? ಬೇಡ. ಕರ್ತನು ಕಲಿಸಿದ ಪ್ರಾರ್ಥನೆಯಲ್ಲಿ ಅನುದಿನದ ಆಹಾರದ ಬೇಡಿಕೆಯ ಬೆನ್ನಿಗೇ ಕ್ಷಮೆಯ ಬೇಡಿಕೆ ಬರುತ್ತದೆ. ರೊಟ್ಟಿ ದಿನವೂ ಬೇಕು, ಕ್ಷಮೆಯೂ ದಿನವೂ ಬೇಕು. ಆದರೆ ಇಂದಿನ ರೊಟ್ಟಿಯನ್ನು ಕೇಳುವಂತೆ ಇಂದಿನ ತಪ್ಪಿಗೆ ಕ್ಷಮೆ ಕೇಳಿ. ಹಳೆಯದೊಂದನ್ನೇ ದಿನವೂ ಎದುರಿಗೆ ಇಟ್ಟುಕೊಂಡವರಿಗೆ, ಇಂದು ಹೆಂಡತಿಯ ಮೇಲೆ ಹರಿಹಾಯ್ದದ್ದು ನೆನಪಿಗೇ ಬರುವುದಿಲ್ಲ.

ಗಟ್ಟಿಯಾಗಿ ಹೇಳಿಕೊಳ್ಳಿ ಎಂಬ ಸಲಹೆ ನನಗೆ ಹಿಡಿಸಲಿಲ್ಲ. ಹೇಳಿದವರ ಮನಸ್ಸು ಒಳ್ಳೆಯದೇ ಇರಬಹುದು. ಆದರೆ ಗಂಟಲು ಜೋರಾದಷ್ಟೂ ಭರವಸೆ ಗಟ್ಟಿಯಾಗುತ್ತದೆ ಎಂದು ಸತ್ಯವೇದ ಎಲ್ಲಿಯೂ ಹೇಳುವುದಿಲ್ಲ. ಇಲ್ಲಿ ಬೆಳಗಾವಿಯಲ್ಲಿ ಲಂಡನ್ ಮಿಷನರಿ ಸೊಸೈಟಿಯವರು 1820ರಲ್ಲಿ ಆರಂಭಿಸಿದ ಕೆಲಸ 1904ರಲ್ಲಿ ಮೆಥೋಡಿಸ್ಟರ ಕೈಗೆ ಬಂತು. ಆ ಮೆಥೋಡಿಸ್ಟರ ಮೂಲಪುರುಷ ಜಾನ್ ವೆಸ್ಲಿಯವರ ಕಥೆಯನ್ನು ನಮ್ಮ ಬೋಧಕರು ಯಾವಾಗಲೂ ಅರ್ಧಕ್ಕೆ ನಿಲ್ಲಿಸುತ್ತಾರೆ. 1738ರ ಮೇ 24ರ ಸಂಜೆ ಲಂಡನ್ನಿನ ಆಲ್ಡರ್ಸ್‌ಗೇಟ್ ಬೀದಿಯ ಒಂದು ಕೂಟದಲ್ಲಿ, ರೋಮಾಪುರದವರಿಗೆ ಬರೆದ ಪತ್ರಿಕೆಗೆ ಲೂಥರ್ ಬರೆದ ಮುನ್ನುಡಿಯನ್ನು ಯಾರೋ ಓದುತ್ತಿದ್ದಾಗ ವೆಸ್ಲಿಯವರ ಹೃದಯ ಬೆಚ್ಚಗಾಯಿತು, ತಮ್ಮ ಪಾಪ ಪರಿಹಾರವಾಗಿದೆ ಎಂಬ ನಿಶ್ಚಯತೆ ಬಂತು. ಇಷ್ಟು ಎಲ್ಲರಿಗೂ ಗೊತ್ತು. ಎಂಟು ತಿಂಗಳು ತುಂಬುವ ಮೊದಲೇ, 1739ರ ಜನವರಿಯಲ್ಲಿ, ಅದೇ ವೆಸ್ಲಿ ತಾವು ಈಗಲೂ ಕ್ರೈಸ್ತರಲ್ಲ ಎಂದು ದಿನಚರಿಯಲ್ಲಿ ಬರೆದುಕೊಂಡರು. ಬೆಚ್ಚಗಾದ ಹೃದಯ ತಣ್ಣಗಾಗಿತ್ತು. ಆದರೂ ಅವರು ಸುವಾರ್ತೆ ಸಾರುವುದನ್ನು ಬಿಡಲಿಲ್ಲ. 1791ರಲ್ಲಿ ತೀರಿಕೊಳ್ಳುವವರೆಗೂ ಸಾರಿದರು. ದೇವರ ವಾಗ್ದಾನ ನಮ್ಮ ಎದೆಯ ಕಾವಿನೊಡನೆ ಏರಿಳಿಯುವುದಿಲ್ಲ ಎಂಬುದಕ್ಕೆ ಇದಕ್ಕಿಂತ ಒಳ್ಳೆಯ ಸಾಕ್ಷಿ ನನಗೆ ಗೊತ್ತಿಲ್ಲ.

ಇನ್ನು ನಿಮ್ಮ ಪತ್ರದ ಮೂರನೆಯ ಪುಟಕ್ಕೆ ಬರುತ್ತೇನೆ. ನಾನು ಮತ್ತೆ ಮತ್ತೆ ಓದಿದ್ದು ಅದನ್ನೇ. ಉಳಿದ ಪುಟಗಳಲ್ಲೆಲ್ಲ ನೀವು ಮತ್ತು ದೇವರು ಇಬ್ಬರೇ ಇದ್ದೀರಿ. ಅದೊಂದು ಪುಟದಲ್ಲಿ ಮಾತ್ರ ಮೂರನೆಯವರೊಬ್ಬರು ಕಾಣಿಸಿಕೊಳ್ಳುತ್ತಾರೆ. ಈಗ ಕಣ್ಣು ಮಂಜಾಗಿ ಮಗ್ಗದಿಂದ ಎದ್ದಿರುವ ಆ ವೃದ್ಧ ನೇಕಾರರನ್ನು ನೀವು ಕಾಕಾ ಎಂದು ಕರೆಯುತ್ತೀರಿ. ಓಣಿಯಲ್ಲಿ ಕಂಡಾಗಲೆಲ್ಲ ಅವರು ನಿಮ್ಮ ಹೆಂಡತಿಯ ಆರೋಗ್ಯ ವಿಚಾರಿಸುತ್ತಾರೆ. ಅದನ್ನು ತಾಳಲಾರದೆ ನೀವು ಈಗ ಬೇರೆ ಓಣಿಯಿಂದ ಸುತ್ತಿ ಹೋಗುತ್ತೀರಿ. ಸಹೋದರರೇ, ನಿಮಗೆ ಸಮಾಧಾನವಿಲ್ಲದಿರುವುದು ದೇವರು ಕ್ಷಮಿಸಿಲ್ಲ ಎಂಬುದರ ಗುರುತಲ್ಲ. ಕಾಕಾ ಅವರ ಮಜೂರಿ ಇನ್ನೂ ಬಾಕಿ ಇದೆ, ಅಷ್ಟೇ. ನಿಮ್ಮ ಮನಸ್ಸಾಕ್ಷಿ ಸರಿಯಾಗಿ ಕೆಲಸ ಮಾಡುತ್ತಿದೆ. ಅದನ್ನು ಪ್ರಾರ್ಥನೆಯಿಂದ ಮಲಗಿಸಲು ನೋಡಬೇಡಿ.

ಯೆರಿಕೋವಿನ ಜಕ್ಕಾಯನ ಕಥೆ ಲೂಕನ ಸುವಾರ್ತೆಯ ಹತ್ತೊಂಬತ್ತನೆಯ ಅಧ್ಯಾಯದಲ್ಲಿದೆ. ಅವನೂ ಲೆಕ್ಕದವನೇ, ಸುಂಕದವರ ಮುಖ್ಯಸ್ಥ. ಅಲ್ಲಿ ಯಾವುದು ಮೊದಲು, ಯಾವುದು ಆಮೇಲೆ ಎಂಬುದನ್ನು ಗಮನಿಸಿ. ಮರದ ಮೇಲಿದ್ದವನನ್ನು ಯೇಸು ಹೆಸರು ಹಿಡಿದು ಕರೆದು, ಇಂದು ನಿನ್ನ ಮನೆಯಲ್ಲಿ ಇಳಿದುಕೊಳ್ಳಬೇಕು ಎಂದಾಗ ಜಕ್ಕಾಯ ಒಂದು ಕಾಸನ್ನೂ ಹಿಂದಿರುಗಿಸಿರಲಿಲ್ಲ. ಪಾಪಿಯ ಮನೆಗೆ ಹೋಗುತ್ತಾನಲ್ಲ ಎಂದು ಜನ ಗೊಣಗುಟ್ಟಿದ್ದು ಅದಕ್ಕೇ. ಅರ್ಧ ಆಸ್ತಿ ಬಡವರಿಗೆ, ಮೋಸದಿಂದ ತೆಗೆದುಕೊಂಡದ್ದಕ್ಕೆ ನಾಲ್ಕರಷ್ಟು ಎಂಬ ಮಾತು ಬಂದದ್ದು ಆಮೇಲೆ, ಯಾರೂ ಕೇಳದೆ. ಹಣ ಹಿಂದಿರುಗಿಸಿ ಅವನು ಕ್ಷಮೆಯನ್ನು ಕೊಂಡುಕೊಳ್ಳಲಿಲ್ಲ. ಕರ್ತನೇ ತನ್ನ ಮನೆಗೆ ಬಂದಿರುವಾಗ ಊರಿನ ಮುಂದೆ ಮುಚ್ಚಿಡಬೇಕಾದದ್ದು ಅವನಿಗೆ ಏನೂ ಉಳಿದಿರಲಿಲ್ಲ. ಕೃಪೆಯನ್ನು ಹಣದಿಂದ ಕೊಳ್ಳಲಾಗದು ಎಂಬ ಮಾತು ನಿಮ್ಮ ಊರಿಗೆ ಹೊಸದಲ್ಲ. 1851ರಲ್ಲಿ ಬಾಸೆಲ್ ಮಿಷನ್‌ನವರು ಗುಳೇದಗುಡ್ಡಕ್ಕೆ ಬಂದಂದಿನಿಂದ ಅಲ್ಲಿ ಅದನ್ನೇ ಸಾರಿದ್ದಾರೆ. ಆದರೆ ಪುಕ್ಕಟೆ ಸಿಕ್ಕ ಕೃಪೆ ನೇಕಾರರ ಹಣವನ್ನು ನಿಮ್ಮ ಹಣವನ್ನಾಗಿ ಮಾಡುವುದಿಲ್ಲ.

ಬೆಳಗಾವಿ ಧರ್ಮಪ್ರಾಂತ್ಯದ ಕಥೋಲಿಕ ಓದುಗರು, ಇದು ನಮಗೆ ಮೊದಲೇ ಗೊತ್ತಿತ್ತು ಎಂದು ನಗಬಹುದು. ಪಾಪನಿವೇದನೆಯಲ್ಲಿ ಕ್ಷಮೆ ದೊರೆತ ಮೇಲೂ ಕದ್ದದ್ದನ್ನು ಸಾಧ್ಯವಾದಷ್ಟು ಹಿಂದಿರುಗಿಸಬೇಕು ಎಂದು ಅವರ ಧರ್ಮೋಪದೇಶ ಹೇಳುತ್ತದೆ. ನಗಲಿ, ಈ ವಿಷಯದಲ್ಲಿ ಅವರು ನಮಗಿಂತ ನೇರವಾಗಿದ್ದಾರೆ.

ಎಷ್ಟು ಹಿಂದಿರುಗಿಸಬೇಕು? ಅರಣ್ಯಕಾಂಡದ ಐದನೆಯ ಅಧ್ಯಾಯದ ನಿಯಮ ಸರಳವಾಗಿದೆ: ಪಾಪವನ್ನು ಅರಿಕೆ ಮಾಡಬೇಕು, ತೆಗೆದುಕೊಂಡದ್ದನ್ನು ಪೂರ್ತಿಯಾಗಿ ಕೊಡಬೇಕು, ಅದರ ಐದನೆಯ ಒಂದು ಪಾಲನ್ನು ಮೇಲೆ ಸೇರಿಸಬೇಕು. 5000 ರೂಪಾಯಿ ಮುರಿದಿದ್ದರೆ 6000 ಕೊಡಿ. ಹಳೆಯ ಲೆಕ್ಕದ ಪುಸ್ತಕ ಕೈಯಲ್ಲಿಲ್ಲ ಎಂದಿದ್ದೀರಿ. ಅಂದಾಜು ಮಾಡಿ, ಅಂದಾಜು ನೇಕಾರರ ಕಡೆಗೆ ವಾಲಲಿ. ಒಂದೇ ಸಲಕ್ಕೆ ಆಗದಿದ್ದರೆ ಒಂದೊಂದು ಮನೆಯಾಗಿ ತೀರಿಸಿ, ಕಾಕಾ ಅವರಿಂದ ಆರಂಭಿಸಿ. ತೀರಿಕೊಂಡವರಿದ್ದರೆ ಅವರ ಮಕ್ಕಳಿಗೆ ಕೊಡಿ. ವಾರಸುದಾರರೇ ಸಿಗದಿದ್ದರೆ ಆ ಹಣ ಯಾಜಕನಿಗೆ ಸೇರಬೇಕು ಎಂದು ಅದೇ ಅಧ್ಯಾಯ ಹೇಳುತ್ತದೆ. ಇಲ್ಲಿ ಮಾತ್ರ ನನ್ನ ಅಭಿಪ್ರಾಯ ಸ್ವಲ್ಪ ಬೇರೆ. ಅದನ್ನು ನೇಕಾರರ ಓಣಿಯ ಯಾವುದಾದರೂ ವಿಧವೆಯ ಮನೆಗೆ ತಲುಪಿಸಿ; ನಮ್ಮ ಸಭೆಗಳ ಕಟ್ಟಡ ಸಮಿತಿಗಳು ಹೇಗಿದ್ದರೂ ಬದುಕಿಕೊಳ್ಳುತ್ತವೆ. ಹೋಗುವ ಮೊದಲು ಹೆಂಡತಿಗೆ ಹೇಳಿ. ಮನೆಯ ಹಣ ಹೋಗುವಾಗ ಮನೆಯವರಿಗೆ ಗೊತ್ತಿರಬೇಕು. ಸಭಾಪಾಲಕರಿಗೂ ಹೇಳಿ, ಒಬ್ಬರೇ ಹೊರಬೇಡಿ.

ಕೆಲವರು ಬೈಯುತ್ತಾರೆ. ಊರೆಲ್ಲ ಸುದ್ದಿಯಾಗಬಹುದು. ಕ್ಷಮಿಸುವುದಿಲ್ಲ ಎಂದು ಯಾರಾದರೂ ಬಾಗಿಲು ಹಾಕಿಕೊಳ್ಳಬಹುದು. ಆಗ ದಯವಿಟ್ಟು ಮತ್ತಾಯನ ಹದಿನೆಂಟನೆಯ ಅಧ್ಯಾಯ ತೆರೆದು, ಏಳೆಪ್ಪತ್ತು ಸಲ ಕ್ಷಮಿಸಬೇಕು ಎಂದು ಅವರಿಗೆ ಬೋಧಿಸಬೇಡಿ. ಆ ಮಾತು ಕ್ಷಮಿಸಬೇಕಾದವನು ಪೇತ್ರನಂತೆ ತಾನೇ ಕೇಳಿ ತಿಳಿಯಬೇಕಾದದ್ದು. ಮೋಸ ಮಾಡಿದವನ ಬಾಯಲ್ಲಿ ಅದು ಎರಡನೆಯ ಮೋಸವಾಗುತ್ತದೆ.

ದೇವರ ಆಸರೆ ನಿಮಗೆ ಬೇಕಾಗುವುದು ಈ ಬಾಗಿಲುಗಳ ಮುಂದೆ. 'ನಾನು ನಿನ್ನನ್ನು ಎಂದಿಗೂ ಕೈಬಿಡುವುದಿಲ್ಲ' ಎಂಬ ವಾಗ್ದಾನ ನಮ್ಮ ಎಷ್ಟೋ ಮನೆಗಳ ಗೋಡೆಯ ಕ್ಯಾಲೆಂಡರಿನಲ್ಲಿದೆ. ಇಬ್ರಿಯರಿಗೆ ಬರೆದ ಪತ್ರಿಕೆಯ ಹದಿಮೂರನೆಯ ಅಧ್ಯಾಯದ ಆ ವಚನ ದ್ರವ್ಯಾಶೆ ಬೇಡ, ಇದ್ದದ್ದರಲ್ಲಿ ತೃಪ್ತರಾಗಿರಿ ಎಂದು ಆರಂಭವಾಗುತ್ತದೆ. ಕ್ಯಾಲೆಂಡರ್ ಮುದ್ರಿಸುವವರು ಅಷ್ಟನ್ನು ಕತ್ತರಿಸಿಬಿಡುತ್ತಾರೆ. ಕೈಬಿಡುವುದಿಲ್ಲ ಎಂಬ ಮಾತು ಅಲ್ಲಿ ಹಣಕ್ಕೆ ಅಂಟಿಕೊಂಡವರಿಗೆ ಹೇಳಿದ್ದು. ನಿಮ್ಮ ಉಳಿತಾಯ ಕರಗಬಹುದು. ಆತನು ಜೊತೆಗಿರುತ್ತಾನೆ.

ಹೆಂಡತಿಯ ಕಾಯಿಲೆಯ ಬಗ್ಗೆ: ಹುಟ್ಟುಕುರುಡನನ್ನು ಕಂಡು ಯಾರ ಪಾಪದಿಂದ ಹೀಗಾಯಿತು ಎಂದು ಶಿಷ್ಯರು ಕೇಳಿದಾಗ, ಇವನದೂ ಅಲ್ಲ ತಂದೆತಾಯಿಗಳದೂ ಅಲ್ಲ ಎಂದು ಯೇಸು ಹೇಳಿದರು. ಸಿಲೊವಾಮಿನ ಗೋಪುರ ಬಿದ್ದು ಸತ್ತ ಹದಿನೆಂಟು ಜನ ಉಳಿದವರಿಗಿಂತ ಹೆಚ್ಚು ಪಾಪಿಗಳಲ್ಲ ಎಂದೂ ಹೇಳಿದರು. ದಾವೀದನಿಗೆ ಕ್ಷಮೆ ಸಿಕ್ಕಿಯೂ ಅವನ ಮಗು ಸಾಯಲಿಲ್ಲವೇ ಎಂದು ನೀವು ಕೇಳಬಹುದು. ಆ ಭಾಗವನ್ನು ನಾನು ಸುಲಭ ಮಾಡಿ ಹೇಳಲಾರೆ. ಒಂದು ಮಾತು ಮಾತ್ರ ಹೇಳಬಲ್ಲೆ: ಆ ಪಾಪಕ್ಕಾಗಿ ಮಗು ಸಾಯುವುದೆಂದು ಹೇಳಲು ದಾವೀದನ ಬಳಿಗೆ ನಾತಾನನೆಂಬ ಪ್ರವಾದಿ ಬಂದಿದ್ದ, ನಿಮ್ಮ ಬಳಿಗೆ ಯಾರೂ ಬಂದಿಲ್ಲ. ನಿಮಗೆ ನೀವೇ ನಾತಾನನಾಗಬೇಡಿ. ಅವರ ಔಷಧ ತಪ್ಪದಂತೆ ನೋಡಿಕೊಳ್ಳಿ.

ಕೊನೆಯದಾಗಿ, ಹಣ ಹಿಂದಿರುಗಿಸುವ ಮೊದಲು ಪವಿತ್ರ ಭೋಜನ ತೆಗೆದುಕೊಳ್ಳಬಹುದೇ ಎಂದು ಕೇಳಿದ್ದೀರಿ. ಕಾಣಿಕೆಯನ್ನು ಯಜ್ಞವೇದಿಯ ಮುಂದೆಯೇ ಬಿಟ್ಟು ಮೊದಲು ಸಹೋದರನೊಡನೆ ಒಂದಾಗಿ ಬಾ ಎಂದು ಬೆಟ್ಟದ ಮೇಲಿನ ಪ್ರಸಂಗದಲ್ಲಿದೆ. ಅಲ್ಲಿ ತಡೆದದ್ದು ನಾವು ದೇವರಿಗೆ ಕೊಡುವುದನ್ನು. ಆತನು ನಮಗೆ ಕೊಡುವುದನ್ನು ತಡೆದಿಲ್ಲ. ಮೂರು ಸಲ ತನ್ನನ್ನು ಅರಿಯೆನೆಂದ ಪೇತ್ರನಿಗೆ ಯೇಸು ಸರೋವರದ ದಡದಲ್ಲಿ ರೊಟ್ಟಿ ಮೀನು ಕೊಟ್ಟು, ಊಟವಾದ ಮೇಲೆ ಮಾತಿಗೆ ಆರಂಭಿಸಿದರು. ಆದ್ದರಿಂದ ಹೋಗಿ, ತೆಗೆದುಕೊಳ್ಳಿ, ಮರುದಿನವೇ ಕಾಕಾ ಅವರ ಮನೆಗೆ ಹೋಗಿ. ಸಮಾಧಾನಕ್ಕಾಗಿ ಈಚೆಗೆ ಸಭೆಗೆ ಕೊಡುವ ದಶಮಾಂಶವನ್ನು ಎರಡು ಪಟ್ಟು ಮಾಡಿದ್ದೇನೆ ಎಂದಿದ್ದೀರಲ್ಲ, ಬಾಕಿ ತೀರುವವರೆಗೆ ಅದನ್ನು ನಿಲ್ಲಿಸಿ. ಪಾಲಕರು ಕೇಳಿದರೆ ಈ ಸಂಚಿಕೆ ತೋರಿಸಿ. ಚಂದಾ ಹಣದೊಡನೆ ಪತ್ರಿಕೆಗೆಂದು ನೀವು ಹೆಚ್ಚುವರಿಯಾಗಿ ಕಳುಹಿಸಿದ 500 ರೂಪಾಯಿಯನ್ನು ನಿಮ್ಮ ವಿಳಾಸಕ್ಕೆ ಹಿಂದಿರುಗಿಸಿದ್ದೇವೆ. ಅದನ್ನೂ ನೇಕಾರರ ಲೆಕ್ಕಕ್ಕೆ ಸೇರಿಸಿಕೊಳ್ಳಿ.

– ಸಂಪಾದಕ