ನಗರದ ಬಹುತೇಕರಿಗೆ ಡೆಂಗಿ ಬಂದುಹೋಗಿದ್ದರೂ ಮತ್ತೆ ಮತ್ತೆ ಯಾಕೆ ಹಬ್ಬುತ್ತದೆ?

ಡೆಂಗಿ ವೈರಸ್ಸಿನಲ್ಲಿ ನಾಲ್ಕು ಬಗೆ ಇರುವುದೇ ತಕರಾರು. ಒಂದು ಬಂದುಹೋದರೆ ಅದರಿಂದ ಹೆಚ್ಚುಕಡಿಮೆ ಜೀವನಪೂರ್ತಿ ರಕ್ಷಣೆ. ಉಳಿದ ಮೂರರಿಂದ ಕೆಲವು ತಿಂಗಳಷ್ಟೇ. ಆಮೇಲೆ ಬೇರೆ ಬಗೆ ತಗುಲಿದರೆ ಹಳೆಯ ಪ್ರತಿಕಾಯಗಳೇ (ಹಿಂದಿನ ಸೋಂಕಿನ ವಿರುದ್ಧ ದೇಹ ತಯಾರಿಸಿಕೊಂಡ ರಕ್ಷಕ ಪ್ರೋಟೀನುಗಳು) ವೈರಸ್ಸನ್ನು ಜೀವಕೋಶದೊಳಗೆ ಬಿಟ್ಟುಕೊಂಡು ಕಾಯಿಲೆಯನ್ನು ಬಿಗಡಾಯಿಸಬಹುದು. 2017-18ರ ರಾಷ್ಟ್ರೀಯ ಸಮೀಕ್ಷೆಯಲ್ಲಿ ದಕ್ಷಿಣ ಭಾರತದಲ್ಲಿ ಪರೀಕ್ಷಿಸಿದವರ ಪೈಕಿ ಸುಮಾರು ಮುಕ್ಕಾಲು ಪಾಲು ಜನರ ರಕ್ತದಲ್ಲಿ ಡೆಂಗಿ ಪ್ರತಿಕಾಯ ಸಿಕ್ಕಿತ್ತು. ಅವರಲ್ಲಿ ಎಷ್ಟೋ ಮಂದಿಗೆ ಜ್ವರ ಬಂದ ನೆನಪೂ ಇರಲಿಕ್ಕಿಲ್ಲ!

ಸಿಂಗಪುರದ್ದು ಇನ್ನೂ ವಿಚಿತ್ರ. ಅಲ್ಲಿ ದಶಕಗಳ ಕಾಲ ಸೊಳ್ಳೆಗಳನ್ನು ಹತೋಟಿಯಲ್ಲಿಟ್ಟ ಕಾರಣ ಸೋಂಕೇ ತಗುಲದೆ ಬೆಳೆದವರು ಹೆಚ್ಚಾದರು. ಹಾಗಾಗಿ ಸೊಳ್ಳೆ ಕಡಿಮೆಯಿದ್ದರೂ ರೋಗ ಹಬ್ಬಲು ಜಾಗ ಸಿಕ್ಕಿತು. 2020ರಲ್ಲಿ ಪ್ರಕರಣಗಳು 35 ಸಾವಿರ ದಾಟಿದವು. ಅಂದಹಾಗೆ, ಚಿಕುನ್‌ಗುನ್ಯಕ್ಕೆ ಈ ನಾಲ್ಕರ ಗೋಜಿಲ್ಲ. ಒಮ್ಮೆ ಬಂದವರಿಗೆ ಮತ್ತೆ ಬರುವುದು ಅಪರೂಪ.